ಗೋಡೆಯ ಮೇಲಿನ ವೇಳಾಪಟ್ಟಿ, ಅಳಿವೆ ಬಾಗಿಲಿನ ನೀರು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಭೂಗೋಳ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, "ಮಾಸ್ಟ್ರೇ, ಮಕ್ಕಳಿಗೆ ನಾಲ್ಕು ಮಾತು ಹೇಳಬೇಕು" ಎಂದರು. ಪರಿಶ್ರಮ, ಶಿಸ್ತು, ತಂದೆ ತಾಯಿಯ ಸೇವೆ, ಇವುಗಳ ಬಗ್ಗೆ ಹೇಳಬಲ್ಲ ಹಿರಿಯರು ಈ ವೇದಿಕೆಯ ಮೇಲೆಯೇ ಬೇಕಾದಷ್ಟು ಮಂದಿ ಇದ್ದಾರೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು. ನನ್ನ ಹತ್ತಿರ ಇರುವ ಸರಕು ಅದೊಂದೇ. ಹಾಗಾಗಿ ಇವತ್ತು ಒಂದು ಪೀರಿಯಡ್ ಪಾಠ ಮಾಡಿಯೇ ಇಳಿಯುತ್ತೇನೆ. ದೊಡ್ಡವರೂ ಬೆಂಚಿನಲ್ಲಿ ಕೂತಿದ್ದೀರಿ ಎಂದು ತಿಳಿದುಕೊಳ್ಳಿ.

ಭೂಗೋಳ ಎಂದರೆ ನಮ್ಮ ಮಕ್ಕಳಿಗೆ ಏನು? ನಕ್ಷೆ ತುಂಬಿಸುವುದು, ರಾಜಧಾನಿಗಳ ಹೆಸರು, "ಭೂಮಿಯ ಚಲನೆಗಳು ಎಷ್ಟು ವಿಧ?" ಎಂಬ ಎರಡು ಅಂಕದ ಪ್ರಶ್ನೆ. ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತದೆ, ಸೂರ್ಯನ ಸುತ್ತಲೂ ತಿರುಗುತ್ತದೆ. ಬರೆದರೆ ಎರಡು ಅಂಕ ಬಂತು, ಮುಗಿಯಿತು. ಆದರೆ ಆ ಎರಡು ಅಂಕದ ಉತ್ತರ ನಮ್ಮ ಮನೆಯ ಗೋಡೆಯ ಮೇಲೆ ಇಡೀ ವರ್ಷ ನೇತಾಡುತ್ತಿರುತ್ತದೆ. ಯಾರೂ ಅದನ್ನು ಭೂಗೋಳದ ಪುಸ್ತಕ ಎಂದು ಓದುವುದಿಲ್ಲ. ನಾನು ಹೇಳುತ್ತಿರುವುದು ನಮಾಝಿನ ವೇಳಾಪಟ್ಟಿಯ ಬಗ್ಗೆ.

ಮನೆಗೆ ಹೋದ ಮೇಲೆ ಆ ಪಟ್ಟಿಯಲ್ಲಿ ಝುಹರ್ ಎಂಬ ಒಂದೇ ಕಾಲಂ ತೆಗೆದುಕೊಂಡು ಜನವರಿಯಿಂದ ಡಿಸೆಂಬರ್ ತನಕ ಬೆರಳಿಟ್ಟು ಓದಿ. ಝುಹರ್ ಆರಂಭವಾಗುವುದು ಸೂರ್ಯ ಅತಿ ಎತ್ತರಕ್ಕೆ ಏರಿ ಪಶ್ಚಿಮಕ್ಕೆ ವಾಲಿದಾಗ. ಹಾಗಾದರೆ ಅದು ದಿನವೂ ಸರಿಯಾಗಿ ಹನ್ನೆರಡು ಗಂಟೆಗೆ ಆಗಬೇಕಲ್ಲ? ನಮ್ಮ ಮಂಗಳೂರಿನಲ್ಲಿ ಅದು ವರ್ಷದ ಒಂದು ದಿನವೂ ಹನ್ನೆರಡಕ್ಕೆ ಆಗುವುದಿಲ್ಲ. ಫೆಬ್ರವರಿ ಎರಡನೇ ವಾರದಲ್ಲಿ ಸೂರ್ಯ ನಡುನೆತ್ತಿ ದಾಟುವುದು 12.45ಕ್ಕೆ. ನವೆಂಬರ್ ಮೊದಲ ವಾರದಲ್ಲಿ 12.14ಕ್ಕೆ. ಒಂದೇ ಊರು, ಒಂದೇ ಸೂರ್ಯ, ನಡುವೆ ಅರ್ಧ ಗಂಟೆಯ ವ್ಯತ್ಯಾಸ! ನಿಮ್ಮ ಪಟ್ಟಿಯಲ್ಲಿ ಮುನ್ನೆಚ್ಚರಿಕೆಗೆಂದು ಒಂದೆರಡು ನಿಮಿಷ ಸೇರಿಸಿರಬಹುದು. ಆದರೂ ಈ ಏರಿಳಿತ ಕಂಡೇ ಕಾಣುತ್ತದೆ.

ಇದರಲ್ಲಿ ಎರಡು ಲೆಕ್ಕ ಬೆರೆತಿವೆ. ಒಂದು ಸುಲಭದ್ದು, ಒಂದು ಸ್ವಲ್ಪ ಕಷ್ಟದ್ದು.

ಸುಲಭದ್ದನ್ನು ಮೊದಲು ನೋಡೋಣ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ನಮ್ಮ ಕೈಗಡಿಯಾರ ತೋರಿಸುವ ಭಾರತೀಯ ಕಾಲಮಾನ ಮಂಗಳೂರಿನದ್ದಲ್ಲ. ಅದು ಉತ್ತರ ಪ್ರದೇಶದ ಮಿರ್ಝಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ್ದು. ಮಂಗಳೂರು ಇರುವುದು ಸುಮಾರು 74.85 ಡಿಗ್ರಿಯಲ್ಲಿ. ವ್ಯತ್ಯಾಸ ಏಳೂಮುಕ್ಕಾಲು ಡಿಗ್ರಿಗೆ ಸ್ವಲ್ಪ ಕಡಿಮೆ. ನಾಲ್ಕರಿಂದ ಗುಣಿಸಿದರೆ ಮೂವತ್ತೊಂದು ನಿಮಿಷದ ಹತ್ತಿರ. ಮಿರ್ಝಾಪುರದ ನೆತ್ತಿಯ ಮೇಲಿದ್ದ ಸೂರ್ಯ ನಮ್ಮ ನೆತ್ತಿಗೆ ಬರಲು ಅಷ್ಟು ಹೊತ್ತು ಬೇಕು. ಆದ್ದರಿಂದ ನಮ್ಮ ನಿಜವಾದ ಮಧ್ಯಾಹ್ನ ಸರಾಸರಿ 12.31. ಈ ಏರ್ಪಾಡು ಬಹಳ ಹಳೆಯದೇನಲ್ಲ. 1906ರಲ್ಲಿ ಇಡೀ ದೇಶಕ್ಕೆ ಒಂದೇ ಕಾಲಮಾನ ಬಂತು. ಅದಕ್ಕೆ ಮೊದಲು ರೈಲ್ವೆಯವರು ಮದ್ರಾಸಿನ ಸಮಯ ಹಿಡಿದಿದ್ದರು, ಬೊಂಬಾಯಿಗೆ ಅದರದ್ದೇ ಸಮಯ ಇತ್ತು. ಊರೂರಿಗೆ ಅದರದರ ಸೂರ್ಯನ ಸಮಯ ನಡೆಯುತ್ತಿತ್ತು. ರೈಲು ಬಂದ ಮೇಲೆ ಹಾಗೆ ನಡೆಯುವ ಹಾಗಿರಲಿಲ್ಲ. ಪ್ರತಿ ಸ್ಟೇಷನ್ನಿನಲ್ಲಿ ಬೇರೆ ಬೇರೆ ಸಮಯ ಇದ್ದರೆ ಒಂದೇ ಹಳಿಯ ಮೇಲೆ ಎರಡು ರೈಲು ಎದುರುಬದುರಾಗುತ್ತವೆ.

ಈ ನಾಲ್ಕು ನಿಮಿಷದ ಲೆಕ್ಕ ಬರೀ ಪರೀಕ್ಷೆಗಲ್ಲ ಎನ್ನಲು ಒಂದು ಉದಾಹರಣೆ ಕೊಡುತ್ತೇನೆ. ಇಲ್ಲಿ ಕೂತಿರುವ ಮಕ್ಕಳಲ್ಲಿ ಕೆಲವರು ಜೂನ್ ತಿಂಗಳಲ್ಲಿ ಬೆಂಗಳೂರಿನ ಹಾಸ್ಟೆಲಿಗೆ ಹೋಗುವವರು. ತಾಯಿ ಪ್ರೀತಿಯಿಂದ ಮನೆಯ ಕ್ಯಾಲೆಂಡರನ್ನೇ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟು ಕಳಿಸುತ್ತಾರೆ. ಬೆಂಗಳೂರು ನಮಗಿಂತ ಎರಡೂಮುಕ್ಕಾಲು ಡಿಗ್ರಿ ಪೂರ್ವಕ್ಕೆ ಇದೆ. ಅಲ್ಲಿ ಸೂರ್ಯ ನಮಗಿಂತ 11 ನಿಮಿಷ ಮೊದಲು ಹುಟ್ಟಿ 11 ನಿಮಿಷ ಮೊದಲು ಮುಳುಗುತ್ತಾನೆ. ರಮಝಾನಿನಲ್ಲಿ ಮಂಗಳೂರಿನ ಪಟ್ಟಿ ನೋಡಿ ಅಲ್ಲಿ ಇಫ್ತಾರ್ ಮಾಡಿದರೆ 11 ನಿಮಿಷ ತಡ, ಅದರಿಂದ ಉಪವಾಸಕ್ಕೆ ತೊಂದರೆ ಇಲ್ಲ. ಆದರೆ ಅದೇ ಪಟ್ಟಿ ನೋಡಿ ಸಹರಿ ಮುಗಿಸಿದರೆ? ಫಜರ್ ಆಗಿ 11 ನಿಮಿಷ ಕಳೆದ ಮೇಲೂ ಹುಡುಗ ಊಟ ಮಾಡುತ್ತಿರುತ್ತಾನೆ. ತಾಯಂದಿರೇ, ಕ್ಯಾಲೆಂಡರ್ ಬೇಡ, ಉಪ್ಪಿನಕಾಯಿ ಕಳಿಸಿ. ಕ್ಯಾಲೆಂಡರನ್ನು ಅಲ್ಲಿನ ಮಸೀದಿಯಿಂದಲೇ ತೆಗೆದುಕೊಳ್ಳಲಿ.

ಗಲ್ಫಿನಿಂದ ಬಂದಿರುವ ದಾನಿಗಳಿಗೂ ಒಂದು ಲೆಕ್ಕ ಇಟ್ಟಿದ್ದೇನೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ ಎಂದು ಮನೆಯ ಸಣ್ಣ ಮಕ್ಕಳಿಗೂ ಗೊತ್ತು, ಅಪ್ಪನಿಗೆ ಫೋನ್ ಮಾಡಬೇಕಲ್ಲ. ಆದರೆ ನಮ್ಮ ನೆತ್ತಿಯಿಂದ ಹೊರಟ ಸೂರ್ಯ ದುಬೈ ನೆತ್ತಿಗೆ ತಲುಪುವುದು ಸುಮಾರು 78 ನಿಮಿಷದಲ್ಲಿ. ಗಡಿಯಾರದ ಅಂತರ 90 ನಿಮಿಷ. ಉಳಿದ 12 ನಿಮಿಷ ಎಲ್ಲಿ ಹೋಯಿತು? ಉತ್ತರ ನಾನು ಹೇಳುವುದಿಲ್ಲ. ನಮ್ಮ ಸರಾಸರಿ ಮಧ್ಯಾಹ್ನ 12.31 ಎಂದೆನಲ್ಲ, ದುಬೈಯ ರೇಖಾಂಶ 55.3 ಡಿಗ್ರಿ ಎಂದು ಹಿಡಿದು, ಅಲ್ಲಿನ ಸಮಯ 60 ಡಿಗ್ರಿಯದ್ದು ಎಂದು ನೆನಪಿಟ್ಟು, ಇವತ್ತು ರಾತ್ರಿ ಮಕ್ಕಳು ಲೆಕ್ಕ ಮಾಡಲಿ.

ಈಗ ಕಷ್ಟದ ಲೆಕ್ಕ. 12.31 ಸರಾಸರಿ ಸರಿ, ಆದರೆ ಅದು 12.14ರಿಂದ 12.45ರ ತನಕ ಓಲಾಡುವುದು ಯಾಕೆ? ಪಾಠದಲ್ಲಿ ಭೂಮಿ 24 ಗಂಟೆಗೆ ಒಂದು ಸುತ್ತು ಎಂದಿದೆ. ನಕ್ಷತ್ರಗಳನ್ನು ಹಿಡಿದು ಅಳೆದರೆ ಭೂಮಿ ಒಂದು ಪೂರ್ತಿ ಸುತ್ತು ಬರುವುದು 23 ಗಂಟೆ 56 ನಿಮಿಷ 4 ಸೆಕೆಂಡಿನಲ್ಲಿ. ಆ ನಾಲ್ಕು ನಿಮಿಷದ ಬಾಕಿ ಹೀಗೆ. ಒಬ್ಬ ಹುಡುಗನನ್ನು ಅಂಗಳದ ನಡುವೆ ನಿಲ್ಲಿಸಿ, ಅವನು ಸೂರ್ಯ. ಇನ್ನೊಬ್ಬ ತಾನೂ ಬುಗುರಿಯ ಹಾಗೆ ತಿರುಗುತ್ತಾ ಅವನ ಸುತ್ತಲೂ ಹೆಜ್ಜೆ ಹಾಕಲಿ. ಒಂದು ಸುತ್ತು ತಿರುಗಿ ಮುಗಿಸುವಾಗ ಅವನು ಸ್ವಲ್ಪ ಮುಂದೆ ಬಂದಿರುತ್ತಾನೆ. ಸೂರ್ಯನನ್ನು ಮತ್ತೆ ನೇರವಾಗಿ ನೋಡಬೇಕಾದರೆ ಇನ್ನೂ ಒಂಚೂರು ತಿರುಗಬೇಕು. ಭೂಮಿಗೆ ಆ ಒಂಚೂರು ದಿನಕ್ಕೆ ಸುಮಾರು ಒಂದು ಡಿಗ್ರಿ, ಅಂದರೆ ನಾಲ್ಕು ನಿಮಿಷ.

ಈ "ಒಂಚೂರು" ಎಲ್ಲ ದಿನವೂ ಒಂದೇ ಅಲ್ಲ. ಭೂಮಿಯ ದಾರಿ ಸರಿಯಾದ ವೃತ್ತವಲ್ಲ. ಜನವರಿ ಮೊದಲ ವಾರದಲ್ಲಿ ನಾವು ಸೂರ್ಯನಿಗೆ ಅತಿ ಹತ್ತಿರ, 14 ಕೋಟಿ 70 ಲಕ್ಷ ಕಿಲೋಮೀಟರ್. ಜುಲೈ ಮೊದಲ ವಾರದಲ್ಲಿ ಅತಿ ದೂರ, 15 ಕೋಟಿ 20 ಲಕ್ಷ. ಹತ್ತಿರ ಇದ್ದಾಗ ಭೂಮಿ ಬೇಗ ಓಡುತ್ತದೆ, ಬಾಕಿ ಹೆಚ್ಚುತ್ತದೆ. ಇನ್ನೊಂದು ಕಾರಣ, ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವುದು. ಇದರಿಂದ ಆಕಾಶದಲ್ಲಿ ಸೂರ್ಯನ ವಾರ್ಷಿಕ ನಡಿಗೆ ಓರೆಯಾಗಿದೆ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಅವನ ನಡಿಗೆಯ ಒಂದು ಪಾಲು ಉತ್ತರ ದಕ್ಷಿಣಕ್ಕೇ ಖರ್ಚಾಗುತ್ತದೆ, ಪೂರ್ವಕ್ಕೆ ಸರಿಯುವುದು ಕಡಿಮೆ. ಜೂನ್, ಡಿಸೆಂಬರಿನಲ್ಲಿ ಪೂರ್ತಿ ನಡಿಗೆ ಪೂರ್ವಕ್ಕೆ. ಈ ಎರಡೂ ಸೇರಿ, ಡಿಸೆಂಬರ್ ಕೊನೆಯಲ್ಲಿ ಒಂದು ಮಧ್ಯಾಹ್ನದಿಂದ ಮರುದಿನದ ಮಧ್ಯಾಹ್ನಕ್ಕೆ 24 ಗಂಟೆ 30 ಸೆಕೆಂಡು ಆಗುತ್ತದೆ. ಸೆಪ್ಟೆಂಬರ್ ನಡುವಿನಲ್ಲಿ 24 ಗಂಟೆಗೆ 21 ಸೆಕೆಂಡು ಕಡಿಮೆ. ಅರ್ಧ ನಿಮಿಷ ಏನು ಮಹಾ ಎನ್ನಬೇಡಿ. ದಿನಕ್ಕೆ ಅರ್ಧ ನಿಮಿಷದ ಸಾಲ ತಿಂಗಳುಗಟ್ಟಲೆ ಬೆಳೆದರೆ ಏನಾಗುತ್ತದೆ ಎಂದು ಇಲ್ಲಿರುವ ವ್ಯಾಪಾರಸ್ಥರಿಗೆ ನಾನು ಹೇಳಬೇಕಾಗಿಲ್ಲ.

ಇದೇ ಕಾರಣಕ್ಕೆ ನಮ್ಮಲ್ಲಿ ಅತಿ ಬೇಗ ಮಗ್ರಿಬ್ ಆಗುವುದು ಅತಿ ಚಿಕ್ಕ ಹಗಲಿನ ಡಿಸೆಂಬರ್ 21ರಂದು ಅಲ್ಲ, ನವೆಂಬರ್ ಮೂರನೇ ವಾರದಲ್ಲಿ. ಅತಿ ತಡವಾಗಿ ಸೂರ್ಯ ಹುಟ್ಟುವುದು ಜನವರಿ ಕೊನೆಗೆ ಹತ್ತಿರವಾದಾಗ. ಪಟ್ಟಿಯಲ್ಲಿ ನೋಡಿ, ನಾನು ಹೇಳಿದ್ದು ಸರಿಯೋ ತಪ್ಪೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಇಂಥ ಪಟ್ಟಿ ಮಾಡುವುದು ಹಿಂದೆ ಒಂದು ಸಂಬಳದ ಹುದ್ದೆಯಾಗಿತ್ತು. ದೊಡ್ಡ ಮಸೀದಿಗಳಲ್ಲಿ ಸಮಯ ಲೆಕ್ಕ ಹಾಕುವವರಿಗೆ ಮುವಕ್ಕಿತ್ ಎಂದು ಹೆಸರು. ದಮಾಸ್ಕಸ್ಸಿನ ಉಮವಿ ಮಸೀದಿಯಲ್ಲಿ ಆ ಕೆಲಸದಲ್ಲಿದ್ದ ಇಬ್ನ್ ಅಲ್-ಶಾತಿರ್ 1371ರಲ್ಲಿ ಅಲ್ಲಿನ ಮಿನಾರಕ್ಕೆ ಒಂದು ದೊಡ್ಡ ನೆರಳು ಗಡಿಯಾರ ಮಾಡಿಕೊಟ್ಟರು. ಅಸರ್ ಕೂಡ ನೆರಳಿನ ಲೆಕ್ಕವೇ ಅಲ್ಲವೇ? ಒಂದು ಕೋಲಿನ ಮಧ್ಯಾಹ್ನದ ನೆರಳಿಗೆ ಕೋಲಿನ ಉದ್ದ ಸೇರಿದರೆ ಶಾಫಿಯವರಿಗೆ ಅಸರ್, ಎರಡರಷ್ಟು ಸೇರಿದರೆ ಹನಫಿಯವರಿಗೆ. ನಮ್ಮ ಊರಿನ ಪಟ್ಟಿಯಲ್ಲಿ ಎರಡೂ ಇರುತ್ತವೆ. ಎರಡೂ ಸೂರ್ಯನ ಒಂದೇ ಇಳಿಜಾರಿನ ಎರಡು ಗುರುತು.

ಇಲ್ಲಿ ಒಂದು ಮಾತು ಸೇರಿಸಬೇಕು. ಬೇಸಿಗೆ ಬರುವುದು ಸೂರ್ಯ ಹತ್ತಿರ ಬಂದದ್ದರಿಂದ ಎಂದು ಕಾಲೇಜು ಮಕ್ಕಳೂ ಹೇಳುತ್ತಾರೆ. ಈಗ ತಾನೇ ಹೇಳಿದೆ, ಹತ್ತಿರ ಇರುವುದು ಜನವರಿಯಲ್ಲಿ. ಋತುಗಳು ಬರುವುದು ಅಕ್ಷದ ವಾಲುವಿಕೆಯಿಂದ. ನಮ್ಮ ಊರಿನಲ್ಲಿ ವರ್ಷಕ್ಕೆ ಎರಡು ದಿನ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಮಧ್ಯಾಹ್ನ ಸೂರ್ಯ ನೇರ ನೆತ್ತಿಗೆ ಬಂದು ನೆಟ್ಟ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಆ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಎಷ್ಟು ಮಂದಿ ಗಮನಿಸಿದ್ದೀರಿ?

ಇನ್ನು ಚಂದ್ರ. ಒಂದು ಅಮಾವಾಸ್ಯೆಯಿಂದ ಮತ್ತೊಂದಕ್ಕೆ ಸರಾಸರಿ 29 ದಿನ 12 ಗಂಟೆ 44 ನಿಮಿಷ. ಆದ್ದರಿಂದಲೇ ನಮ್ಮ ತಿಂಗಳು ಒಮ್ಮೆ 29, ಒಮ್ಮೆ 30. ಹನ್ನೆರಡು ತಿಂಗಳು ಸೇರಿದರೆ 354 ದಿನ, ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ನೆರೆಮನೆಯ ಹಿಂದೂ ಪಂಚಾಂಗವೂ ಚಂದ್ರನ ತಿಂಗಳುಗಳದ್ದೇ. ಆದರೆ ಅವರು ಮೂರು ವರ್ಷಕ್ಕೊಮ್ಮೆ ಎಂಬಂತೆ ಒಂದು ಅಧಿಕ ಮಾಸ ಸೇರಿಸಿ ಲೆಕ್ಕ ಸರಿ ಮಾಡುತ್ತಾರೆ, ಯುಗಾದಿ ಚೈತ್ರದಲ್ಲೇ ನಿಲ್ಲುತ್ತದೆ. ಹಿಜ್ರಿಯಲ್ಲಿ ಹಾಗೆ ಸೇರಿಸುವುದಿಲ್ಲ, ರಮಝಾನ್ ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ನಮ್ಮಲ್ಲಿ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಲಂಡನ್ನಿನಲ್ಲಿರುವ ನಮ್ಮವರಿಗೆ ಎಂಟು ಗಂಟೆಗೂ ಮೀರಿ. ಭೂಮಧ್ಯರೇಖೆಯ ಹತ್ತಿರ ಹುಟ್ಟಿದ್ದು ನಮಗೊಂದು ರಿಯಾಯಿತಿ ಎಂದು ನಾನು ತಮಾಷೆಗೆ ಹೇಳುವುದುಂಟು.

ಚಂದ್ರನ ಬಗ್ಗೆ ನಮ್ಮ ಕರಾವಳಿಯವರು ನೆನಪಿಡಬೇಕಾದ ಅಂಕಿ ಬೇರೆಯೇ: 50 ನಿಮಿಷ. ಭೂಮಿ ಒಂದು ಸುತ್ತು ಬರುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಮುಂದೆ ಹೋಗಿರುತ್ತಾನೆ. ಅದೇ ಅಂಗಳದ ಬುಗುರಿಯ ಲೆಕ್ಕ, ಆದರೆ ಬಾಕಿ ದೊಡ್ಡದು. ಆದ್ದರಿಂದ ಚಂದ್ರ ದಿನವೂ ಸುಮಾರು 50 ನಿಮಿಷ ತಡವಾಗಿ ಮೂಡುತ್ತಾನೆ. ಅವನ ಜೊತೆಗೆ ಕಡಲಿನ ಉಬ್ಬರವೂ ಅಷ್ಟೇ ತಡವಾಗುತ್ತದೆ.

ಉಬ್ಬರ ದಿನಕ್ಕೆ ಎರಡು ಬಾರಿ ಯಾಕೆ ಎಂಬುದು ಒಳ್ಳೆಯ ಪ್ರಶ್ನೆ. ಚಂದ್ರ ಎಳೆಯುವುದಾದರೆ ಅವನು ಇರುವ ಕಡೆ ಮಾತ್ರ ನೀರು ಏರಬೇಕು. ವಿಷಯ ಹೀಗಿದೆ: ಚಂದ್ರನ ಸೆಳೆತ ಹತ್ತಿರದ ಬದಿಗೆ ಹೆಚ್ಚು, ಭೂಮಿಯ ನಡುವಿಗೆ ಅದಕ್ಕಿಂತ ಕಡಿಮೆ, ಆಚೆ ಬದಿಗೆ ಇನ್ನೂ ಕಡಿಮೆ. ಹತ್ತಿರದ ನೀರು ಭೂಮಿಗಿಂತ ಮುಂದಕ್ಕೆ ಎಳೆಯಲ್ಪಡುತ್ತದೆ, ಆಚೆಯ ನೀರು ಹಿಂದೆ ಉಳಿಯುತ್ತದೆ. ಎರಡೂ ಕಡೆ ಉಬ್ಬು. ನಾವು ಭೂಮಿಯ ಜೊತೆ ತಿರುಗುತ್ತಾ ಎರಡನ್ನೂ ಹಾಯುತ್ತೇವೆ, ಹಾಗಾಗಿ ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಸೂರ್ಯನೂ ಎಳೆಯುತ್ತಾನೆ, ಅವನದು ಚಂದ್ರನ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಗೆ ಇಬ್ಬರೂ ಒಂದೇ ಸಾಲಿನಲ್ಲಿ ಎಳೆದು ದೊಡ್ಡ ಉಬ್ಬರ. ಅಷ್ಟಮಿಯ ಹೊತ್ತಿಗೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಎಳೆದು ಸಪ್ಪೆ ಉಬ್ಬರ.

ಏರುವ ಎತ್ತರ ಮಾತ್ರ ಆಯಾ ಕರಾವಳಿಯ ಆಕಾರಕ್ಕೆ ತಕ್ಕ ಹಾಗೆ. ಮಂಗಳೂರಿನಲ್ಲಿ ದೊಡ್ಡ ಉಬ್ಬರದ ದಿನವೂ ನೀರು ಏರಿಳಿಯುವುದು ಒಂದೂವರೆ ಮೀಟರಿನ ಆಸುಪಾಸು. ಇದೇ ಅರಬ್ಬಿ ಸಮುದ್ರದ ನೀರು ಗುಜರಾತಿನ ಖಂಭಾತ್ ಕೊಲ್ಲಿಯ ಇಕ್ಕಟ್ಟಿಗೆ ನುಗ್ಗಿದಾಗ ಭಾವನಗರದ ಕಡೆ ಹತ್ತು ಮೀಟರ್ ಏರುತ್ತದೆ, ಮೂರು ಮಾಳಿಗೆಯ ಮನೆಯಷ್ಟು. ಅಲಂಗಿನಲ್ಲಿ ಹಳೆಯ ಹಡಗುಗಳನ್ನು ಒಡೆಯಲು ದಡಕ್ಕೆ ಹತ್ತಿಸುವುದು ಈ ನೀರನ್ನೇ ನಂಬಿ.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ, ದೋಣಿಯವರ ಮನೆಯವನು. ಉಬ್ಬರವಿಳಿತದ ವ್ಯಾಖ್ಯೆ ಬರೆಯಲು ಹೇಳಿದರೆ ಪೆನ್ನು ಕಚ್ಚುತ್ತಾ ಕೂರುತ್ತಿದ್ದ. ಒಂದು ದಿನ, "ಇವತ್ತು ನೀರು ತುಂಬುವುದು ಎಷ್ಟು ಹೊತ್ತಿಗೆ?" ಎಂದು ಕೇಳಿದೆ. ತಟ್ಟನೆ ಗಂಟೆ ಹೇಳಿದ. ಹೇಗೆ ಗೊತ್ತು ಎಂದರೆ, "ಅಜ್ಜ ಹೇಳಿಕೊಟ್ಟದ್ದು ಸಾರ್, ಚಂದ್ರ ನಮ್ಮ ಮನೆಯ ಉದ್ದದ ತೆಂಗಿನಮರದ ತಲೆಗೆ ಬಂದ ಮೇಲೆ ಇಷ್ಟು ಹೊತ್ತು ಎಂದು ಲೆಕ್ಕ" ಎಂದ. ಮಕ್ಕಳೇ, ಒಂದು ಊರಿನಲ್ಲಿ ಚಂದ್ರ ನೆತ್ತಿ ದಾಟುವುದಕ್ಕೂ ನೀರು ತುಂಬುವುದಕ್ಕೂ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹಿಂದಿನ ನಾವಿಕರು ಒಂದೊಂದು ಬಂದರಿಗೂ ಆ ಅಂಕಿಯನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಅಜ್ಜ ಅದನ್ನು ತೆಂಗಿನಮರದಲ್ಲಿ ಬರೆದಿಟ್ಟಿದ್ದರು. ಆ ಹುಡುಗ ಭೂಗೋಳದಲ್ಲಿ ಹಿಂದೆ ಇರಲಿಲ್ಲ, ಪುಸ್ತಕದ ಭಾಷೆಯಲ್ಲಿ ಹಿಂದೆ ಇದ್ದ. ಅವನ ತಿಳಿವಳಿಕೆಗೂ ಪುಸ್ತಕಕ್ಕೂ ಸೇತುವೆ ಹಾಕುವುದು ಶಿಕ್ಷಕರ ಕೆಲಸ.

ಈ ತಿಳಿವಳಿಕೆಗೆ ಜೀವದ ಬೆಲೆ ಇದೆ. ನಮ್ಮ ಕರಾವಳಿಯ ಹೆಚ್ಚಿನ ಬಂದರುಗಳು ನದಿಯ ಬಾಯಿಯಲ್ಲಿವೆ. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆ, ಮಲ್ಪೆ, ಗಂಗೊಳ್ಳಿ, ತದಡಿ, ಎಲ್ಲ ಕಡೆಯೂ ಕಡಲಿಗೆ ಹೋಗುವ ದೋಣಿ ಅಳಿವೆ ಬಾಗಿಲು ದಾಟಬೇಕು. ಅಲ್ಲಿ ಮರಳು ತುಂಬಿ ಆಳ ಕಡಿಮೆ. ನೀರು ಇಳಿಯುವ ಹೊತ್ತಿನಲ್ಲಿ ನದಿಯ ಸೆಳೆತ ಹೊರಗೆ ಹರಿಯುತ್ತಿರುತ್ತದೆ, ಕಡಲಿನ ತೆರೆ ಒಳಗೆ ಬರುತ್ತಿರುತ್ತದೆ. ಎರಡೂ ಎದುರಾದಾಗ ತೆರೆ ಗಿಡ್ಡವಾಗಿ, ಕಡಿದಾಗಿ, ಎದ್ದು ಮುರಿಯುತ್ತದೆ. ಹೊರಗೆ ಕಡಲು ಶಾಂತವಾಗಿ ಕಂಡರೂ ಬಾಗಿಲಿನಲ್ಲಿ ದೋಣಿ ಮಗುಚುವುದು ಹೀಗೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ, ಆದರೆ ನಾಡದೋಣಿಯವರು ಆಗಲೇ ಇಳಿಯುತ್ತಾರೆ. ಮಳೆಯ ನೀರು ಸೇರಿ ನದಿಯ ಸೆಳೆತ ಇನ್ನೂ ಜೋರು. ಅದೇ ಬಾಗಿಲನ್ನು ನೀರು ತುಂಬಿ ಒಂದು ಗಳಿಗೆ ನಿಂತಿರುವ ಹೊತ್ತಿನಲ್ಲಿ ದಾಟುವುದಕ್ಕೂ, ಮೂರು ಗಂಟೆ ಕಳೆದು ಇಳಿತದ ರಭಸದಲ್ಲಿ ದಾಟುವುದಕ್ಕೂ ಅಜಗಜಾಂತರ. ಭಾರೀ ಮಳೆಯ ದಿನ ಮತ್ತು ದೊಡ್ಡ ಉಬ್ಬರದ ದಿನ ಒಟ್ಟಿಗೆ ಬಂದರೆ ನದಿಯ ನೀರಿಗೆ ಕಡಲಿನಲ್ಲಿ ಜಾಗ ಸಿಗದೆ ತಗ್ಗಿನ ಕೇರಿಗಳಿಗೆ ನುಗ್ಗುತ್ತದೆ. ಯಾವ ದಿನ ಉಬ್ಬರ ದೊಡ್ಡದು ಎಂಬುದು ಮಾತ್ರ ವರ್ಷಕ್ಕೆ ಮೊದಲೇ ಗೊತ್ತಿರುತ್ತದೆ.

ಹೌದು, ಮೊದಲೇ ಗೊತ್ತಿರುತ್ತದೆ. ಸರ್ವೆ ಆಫ್ ಇಂಡಿಯಾದವರು ಪ್ರತಿ ವರ್ಷ ಮುಂದಿನ ವರ್ಷದ ಉಬ್ಬರವಿಳಿತದ ಪಟ್ಟಿ ಅಚ್ಚು ಹಾಕುತ್ತಾರೆ, ಬಂದರು ಬಂದರಿಗೆ, ದಿನ ದಿನಕ್ಕೆ. 1879ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಭಾರತದ ಬಂದರುಗಳ ಲೆಕ್ಕಕ್ಕೆಂದು ಹಲ್ಲುಗಾಲಿಗಳ ಒಂದು ಯಂತ್ರವನ್ನು ಮಾಡಿಸಿದ್ದರು. ಈಗ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ತೆರೆಯ ಮುನ್ಸೂಚನೆಯನ್ನೂ ಮೊಬೈಲಿಗೆ ತಲುಪಿಸುತ್ತದೆ. ದಕ್ಷಿಣದ ಮಹಾಸಾಗರದಲ್ಲಿ ಎಲ್ಲೋ ಬಿರುಗಾಳಿ ಎದ್ದು, ದಿನಗಳ ನಂತರ ಇಲ್ಲಿ ಗಾಳಿಯೇ ಇಲ್ಲದ ಹೊತ್ತಿನಲ್ಲಿ ದೊಡ್ಡ ತೆರೆ ಬಂದು ದಡದ ಮನೆಗಳಿಗೆ ನುಗ್ಗುವುದಿದೆ. ಕೇರಳದವರು ಅದಕ್ಕೆ ಕಳ್ಳಕಡಲ್ ಎನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಅದು ಉಬ್ಬರದ ಹೊತ್ತಿಗೇ ಬಂದರೆ ಹಾನಿ ಹೆಚ್ಚು. ಇದರ ಎಚ್ಚರಿಕೆ ಕೊಡುವವರೂ ಅವರೇ.

ಇಷ್ಟು ಹೇಳಿದ್ದು ಯಾಕೆಂದರೆ, ಟ್ರಸ್ಟಿನ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ ಉಂಟು. ನಮ್ಮ ವಿದ್ಯಾರ್ಥಿವೇತನದ ಅರ್ಜಿ ಫಾರಂ ನೋಡಿದೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ವಾಣಿಜ್ಯ, ಅದಾದ ಮೇಲೆ "ಇತರೆ". ನಾನು ಇಷ್ಟು ಹೊತ್ತು ಮಾತನಾಡಿದ್ದೆಲ್ಲ ಆ ಇತರೆಯಲ್ಲಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದ ಹುಡುಗಿಗೆ ಸಾಗರ ವಿಜ್ಞಾನ, ಹವಾಮಾನ ವಿಜ್ಞಾನ, ಕಡಲ ಭೂವಿಜ್ಞಾನ ಎಂಬ ದಾರಿಗಳಿವೆ ಎಂದು ಹೇಳುವವರು ಮನೆಯಲ್ಲಿ ಇರುವುದಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರದ್ದು, ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ 1966ರದ್ದು, ಒಂದು ರಾತ್ರಿಯ ರೈಲೂ ಬೇಡ. ಮರ್ಚಂಟ್ ನೇವಿಗೆ ಹೋಗುವ ಹುಡುಗರು ಕಲಿಯಬೇಕಾದದ್ದೂ ಈ ಸೂರ್ಯ, ಚಂದ್ರ, ಉಬ್ಬರಗಳ ಲೆಕ್ಕವನ್ನೇ. ಎಲ್ಲರೂ ಅಲ್ಲಿಗೇ ಹೋಗಲಿ ಎನ್ನುವುದಿಲ್ಲ, ಡಾಕ್ಟರೂ ಬೇಕು, ಲೆಕ್ಕಪತ್ರದವರೂ ಬೇಕು. ಆದರೆ ಕಡಲಿನ ಬದಿಯಲ್ಲಿ ಬದುಕುವ ನಮ್ಮ ಸಮುದಾಯದಲ್ಲಿ ಕಡಲನ್ನು ಓದಿದವರು ಬೆರಳೆಣಿಕೆಯಷ್ಟೂ ಇಲ್ಲದಿರುವುದು ನನಗೆ ಸರಿ ಕಾಣುವುದಿಲ್ಲ. ಮುಂದಿನ ಫಾರಂ ಅಚ್ಚು ಹಾಕಿಸುವಾಗ ಒಂದು ಸಾಲು ಹೆಚ್ಚು ಬರೆಯಿಸಿ: ಭೂ ಮತ್ತು ಸಾಗರ ವಿಜ್ಞಾನ. ಹೆಸರೇ ಕಾಣದಿದ್ದರೆ ಮಕ್ಕಳು ಆರಿಸುವುದು ಹೇಗೆ?

ಇದು ನಮಗೆ ಪರಕೀಯ ವಿದ್ಯೆಯೂ ಅಲ್ಲ. ಭೂಮಿಯೇ ತಿರುಗುತ್ತಿದೆ, ಸಾಗುವ ದೋಣಿಯಲ್ಲಿ ಕೂತವನಿಗೆ ದಡ ಹಿಂದೆ ಸರಿದಂತೆ ಕಾಣುವ ಹಾಗೆ ನಮಗೆ ನಕ್ಷತ್ರಗಳು ಸರಿದಂತೆ ಕಾಣುತ್ತವೆ ಎಂದು ಆರ್ಯಭಟ 499ರಲ್ಲೇ ವಿವರಿಸಿದ್ದ. ಅವನಿಗಿಂತ ಐನೂರು ವರ್ಷ ಈಚೆಗೆ ಅಲ್-ಬಿರೂನಿ ಪಂಜಾಬಿನ ನಂದನ ಕೋಟೆಯ ಬೆಟ್ಟದ ಎತ್ತರ ಅಳೆದು, ಮೇಲಿನಿಂದ ದಿಗಂತ ಎಷ್ಟು ಕೆಳಗೆ ಕಾಣುತ್ತದೆ ಎಂಬ ಕೋನವನ್ನು ಹಿಡಿದು, ಇಡೀ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. ಭಾರತದ ಬಗ್ಗೆ ಬರೆದ ಪುಸ್ತಕದಲ್ಲಿ ಉಬ್ಬರವಿಳಿತಕ್ಕೆಂದೇ ಒಂದು ಅಧ್ಯಾಯ ಇಟ್ಟರು. ಮಾನ್ಸೂನ್ ಎಂಬ ಪದವೇ ಅರಬ್ಬಿಯ ಮೌಸಿಮ್‌ನಿಂದ ಬಂದದ್ದು. ನಮ್ಮ ಬಂದರುಗಳಿಗೆ ಗಾಳಿಯ ಕಾಲ ನೋಡಿ ಹಾಯಿ ಬಿಚ್ಚಿದವರ ಮಾತು ಅದು.

ಕೊನೆಗೆ ಮಕ್ಕಳಿಗೆ ಮನೆಗೆಲಸ. ಮಕ್ಕಾದ ಅಕ್ಷಾಂಶ ಸುಮಾರು 21.4 ಡಿಗ್ರಿ. ಹಾಗಾಗಿ ನಮ್ಮಲ್ಲಿ ಹೇಗೋ ಹಾಗೆಯೇ ಅಲ್ಲೂ ವರ್ಷಕ್ಕೆ ಎರಡು ಬಾರಿ ಸೂರ್ಯ ನೇರ ನೆತ್ತಿಗೆ, ಅಂದರೆ ಕಅಬಾದ ಮೇಲೆಯೇ ಬರುತ್ತಾನೆ. ಒಂದು ಮೇ 28ರ ಸುಮಾರಿಗೆ, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 2.48ಕ್ಕೆ. ಇನ್ನೊಂದು ಜುಲೈ 16ರ ಸುಮಾರಿಗೆ, 2.57ಕ್ಕೆ. ಜುಲೈಯಲ್ಲಿ ನಮಗೆ ಸೂರ್ಯನ ದರ್ಶನವೇ ಅಪರೂಪ, ಆದ್ದರಿಂದ ಮೇ ತಿಂಗಳದ್ದನ್ನೇ ಹಿಡಿಯಿರಿ. ಆ ಕ್ಷಣದಲ್ಲಿ ಸೂರ್ಯನ ಕಡೆ ಮುಖ ಮಾಡಿದವರು ಕಿಬ್ಲಾದ ಕಡೆಗೇ ಮುಖ ಮಾಡಿರುತ್ತಾರೆ.

ಅಂಗಳದಲ್ಲಿ ಸಮತಟ್ಟಾದ ಜಾಗ ನೋಡಿ. ಮಾಡಿನ ಅಂಚಿನಿಂದಲೋ ಕೊಂಬೆಯಿಂದಲೋ ನೂಲಿಗೆ ಕಲ್ಲು ಕಟ್ಟಿ ಇಳಿಬಿಡಿ, ಗಾಳಿಗೆ ಅಲ್ಲಾಡದಿರಲಿ. ರೇಡಿಯೋ ಅಥವಾ ಮೊಬೈಲ್ ನೋಡಿ ಗಡಿಯಾರ ಸರಿ ಮಾಡಿಕೊಳ್ಳಿ. 2.48ಕ್ಕೆ ನೂಲಿನ ನೆರಳಿನ ಮೇಲೆ ಸುಣ್ಣದಿಂದ ಗೆರೆ ಎಳೆಯಿರಿ. ನೆರಳು ಬಿದ್ದ ಕಡೆಯಿಂದ ನೂಲಿನ ಕಡೆಗೆ ನೋಡಿದರೆ ಅದು ಮಕ್ಕಾದ ದಿಕ್ಕು. ಮಂಗಳೂರಿನಲ್ಲಿ ಅದು ನೇರ ಪಶ್ಚಿಮ ಅಲ್ಲ, ಪಶ್ಚಿಮದಿಂದ ಉತ್ತರಕ್ಕೆ ಸುಮಾರು 19 ಡಿಗ್ರಿ ಓರೆ. ನಿಮ್ಮ ಗೆರೆಯನ್ನು ಮೊಬೈಲಿನ ದಿಕ್ಸೂಚಿಗೆ ಹೋಲಿಸಿ ನೋಡಿ. ಹತ್ತಿರದಲ್ಲಿ ಕಬ್ಬಿಣದ ಸರಳು, ಗೇಟು, ಬೈಕು ಇದ್ದರೆ ಮೊಬೈಲು ದಾರಿ ತಪ್ಪುತ್ತದೆ, ನೆರಳು ತಪ್ಪುವುದಿಲ್ಲ. ಆ ದಿನ ಮೋಡ ಕವಿದರೆ ಬೇಸರ ಬೇಡ, ಮರುದಿನ ಅದೇ ಸಮಯಕ್ಕೆ ಮಾಡಿದರೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬರುವುದಿಲ್ಲ. ಗೆರೆ ಎಳೆದವರು ಅದರ ಪಕ್ಕದಲ್ಲಿ ದಿನಾಂಕ, ಸಮಯ ಬರೆದು ಒಂದು ಫೋಟೋ ತೆಗೆದು ಟ್ರಸ್ಟಿನ ಕಚೇರಿಗೆ ತಂದುಕೊಡಿ, ನಾನು ಬಂದು ನೋಡುತ್ತೇನೆ. ದುಬೈಯ 12 ನಿಮಿಷದ ಉತ್ತರವನ್ನೂ ಅದೇ ಕಾಗದದ ಹಿಂದೆ ಬರೆಯಿರಿ.